ಪಾತ್ರೆಯ ಬಾಯಿ ದಾಟದ ಎಣ್ಣೆ

ನಮ್ಮ ಊರಿಗೆ ಮದುವೆಯಾಗಿ ಬರುವ ಹುಡುಗಿಯರು ಮೊದಲ ವಾರದಲ್ಲಿ ಒಮ್ಮೆಯಾದರೂ ತಲೆಗೆಣ್ಣೆಯ ಸೀಸೆ ಹಿಡಿದುಕೊಂಡು ಅಳುತ್ತಾರೆ. ತವರಿನಿಂದ ತಂದ ಸೀಸೆಯ ಮುಚ್ಚಳ ತೆಗೆದು ಅಂಗೈ ಮೇಲೆ ಬೋರಲು ಹಿಡಿದರೆ ಒಂದು ತೊಟ್ಟೂ ಬೀಳುವುದಿಲ್ಲ. ಸೀಸೆ ತುಂಬಿರುವುದು ಕಣ್ಣಿಗೆ ಕಾಣುತ್ತಿರುತ್ತದೆ. ಮುಚ್ಚಳ ಹಾಕಿ ಕುಲುಕಿದರೆ ಒಳಗೆ ಎಲ್ಲ ಎಣ್ಣೆಯ ಹಾಗೆ ಅಲುಗಾಡುತ್ತದೆ. ಮುಚ್ಚಳ ತೆಗೆದ ಕೂಡಲೇ ಬಾಯಿ ದಾಟಲು ಒಲ್ಲದು. ಅತ್ತೆ ನಕ್ಕು, ನಾಳೆ ಗುರುತು ಕಚೇರಿಗೆ ಹೋಗಿ ಬರೆಸಿಕೊಂಡು ಬಾ ಎನ್ನುತ್ತಾಳೆ. ಮಾರನೆಯ ದಿನ ಹುಡುಗಿ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕಿಟಕಿಗೆ ಬರುತ್ತಾಳೆ. ಅದು ಏನು, ಯಾವುದರಿಂದ ಆಯಿತು, ಅದರಲ್ಲಿ ಇನ್ನೇನು ಬೆರೆತಿದೆ ಎಂದು ಕೇಳಿ ನಾನು ಕಂಪ್ಯೂಟರಿನಲ್ಲಿ ತುಂಬುತ್ತೇನೆ. ತುಂಬಿದ್ದು ನಿಜವಾಗಿದ್ದರೆ, ಮೇಜಿನ ಮೇಲೆ ಬೋರಲು ನಿಲ್ಲಿಸಿದ ಸೀಸೆಯಿಂದ ಎಣ್ಣೆ ತಾನಾಗಿ ಕೆಳಗಿನ ತಟ್ಟೆಗೆ ಇಳಿಯುತ್ತದೆ.

ಹಳೆಯ ವಸ್ತುಗಳಿಗೆ ಈ ಕಟ್ಟು ಇಲ್ಲ. ಅಜ್ಜಂದಿರ ಕಾಲದಲ್ಲಿ ಗುರುತು ಬರೆಸಿಕೊಂಡವು ಆಮೇಲೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಳೆಯ ನೆಂಟರ ಹಾಗೆ ನಡೆದುಹೋಗುತ್ತವೆ. ಹೊಸದಕ್ಕೆ ಮಾತ್ರ ಮೊದಲಿನಿಂದ ಎಲ್ಲವೂ ಬೇಕು. ಊರಿನ ಗಡಿಕಲ್ಲಿನಿಂದ ಆಚೆ ಹೋಗಿ ಕೆಲಸ ಮುಗಿಸಿಕೊಂಡು ಬಂದುಬಿಟ್ಟರೆ ಆಯಿತಲ್ಲ ಎಂದು ಯೋಚಿಸಿದವರೂ ಇದ್ದಾರೆ. ಅಂಗಡಿ ಬೀದಿಯಲ್ಲಿ ಒಬ್ಬರು ಗಡಿಯಾಚೆ ಬಣ್ಣ ಬಳಿಸಿ ತಂದು ನಿಲ್ಲಿಸಿದ ಬಾಗಿಲು ಇವತ್ತಿಗೂ ತೆರೆದಿಲ್ಲ. ಆ ಮನೆಯವರು ಹಿತ್ತಿಲಿನಿಂದ ಓಡಾಡುತ್ತಾರೆ. ಬಣ್ಣ ಮಾತ್ರ ಬಹಳ ಚೆನ್ನಾಗಿದೆ.

ನಾನು ಹೊರಗಿನವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಈ ಕಚೇರಿಗೆ ಬಂದೆ. ಹೊಳೆಯ ಆಚೆ ದಡದ ಶಾಲೆಯಲ್ಲಿ ನನ್ನ ಗಂಡ ಮೇಷ್ಟ್ರಾಗಿರುವುದರಿಂದ ನಮ್ಮ ಮನೆ ಅಲ್ಲಿದೆ. ಸೇತುವೆ ಇಲ್ಲ. ದಿನವೂ ಹರಿಗೋಲಿನಲ್ಲಿ ದಾಟಿ ಬರುತ್ತೇನೆ. ಕಾಲೇಜಿನಲ್ಲಿ ನಾನು ಕಲಿತದ್ದು ಒಂದು ವಸ್ತುವಿಗೆ ಒಂದು ಅಣುಸೂತ್ರ, ಒಂದು ರಚನೆ. ಅಷ್ಟು ಹೇಳಿದರೆ ಅದನ್ನು ಪೂರ್ತಿ ಹೇಳಿದ ಹಾಗೆ ಎಂದು. ಇಲ್ಲಿಗೆ ಬಂದ ಮೇಲೆ ನೋಡಿದರೆ ಜನ ತರುವುದರಲ್ಲಿ ಅರ್ಧಕ್ಕರ್ಧ ಯಾವ ಸೂತ್ರಕ್ಕೂ ಒಗ್ಗದವು: ಎಣ್ಣೆ, ಅಂಟು, ರಾಳ, ಬೂದಿ ಸೋಸಿದ ನೀರು. ನೂರಾರು ಬಗೆಯ ಅಣುಗಳು ಒಂದು ಮಡಕೆಯಲ್ಲಿ ಕೂಡಿ ಬಾಳುತ್ತಿರುತ್ತವೆ. ಅಂಥವುಗಳ ಗುರುತನ್ನು ಮೂಲದಿಂದಲೂ ಮಾಡಿದ ಕ್ರಮದಿಂದಲೂ ಬರೆಯಬೇಕು. ಯಾವುದರಿಂದ ಬಂತು, ಅದಕ್ಕೆ ಏನೇನು ಮಾಡಿದರು, ಬಳಸುವ ಹೊತ್ತಿಗೆ ಅದು ಏನಾಗಿತ್ತು. ಕೊನೆಯಲ್ಲಿ ಕಲ್ಮಶಗಳ ಕಲಂ ಇರುತ್ತದೆ. ಬೇಕೆಂದು ಹಾಕದಿದ್ದರೂ ಒಳಗೆ ಇರುವುದನ್ನೆಲ್ಲ ಅಲ್ಲಿ ಬರೆಯಬೇಕು. ಅರ್ಜಿದಾರರಲ್ಲಿ ಹೆಚ್ಚಿನವರು ಆ ಕಲಂ ಬಂದಾಗ ಮುಖ ಗಂಟು ಹಾಕುತ್ತಾರೆ, ಮನೆಗೆ ಬಂದವರು ಅಡುಗೆಮನೆಯ ಮೂಲೆ ಇಣುಕಿದ ಹಾಗೆ. ಅದು ಬೈಗುಳವಲ್ಲ, ಅದನ್ನು ಬಿಟ್ಟರೆ ನಿಮ್ಮ ವಸ್ತು ನಿಮ್ಮದಾಗಿ ಉಳಿಯುವುದಿಲ್ಲ ಅಷ್ಟೆ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ.

ಕಚೇರಿಗೆ ಎರಡು ಕಿಟಕಿಗಳಿವೆ. ಮೂಡಲ ಕಿಟಕಿ ಅರ್ಜಿದಾರರದು. ಪಡುವಲ ಕಿಟಕಿ ಗುಟ್ಟಿನದು. ವಸ್ತುವನ್ನು ಬಳಸುವವರಿಗೆ ಅದನ್ನು ಮಾಡುವ ಬಗೆ ಗೊತ್ತಿರಬೇಕೆಂದಿಲ್ಲ. ಮಾಡುವವರು ತಮ್ಮ ಬಗೆಯನ್ನು ಬಳಸುವವರಿಗೆ ತಿಳಿಸಲು ಇಷ್ಟಪಡಬೇಕೆಂದೂ ಇಲ್ಲ. ಅವರು ಬೇರೆ ಬಾಗಿಲಿನಿಂದ ಬಂದು ಪಡುವಲ ಕಿಟಕಿಯಲ್ಲಿ ನನಗೊಬ್ಬಳಿಗೆ ಹೇಳಿ ಹೋಗಬಹುದು. ಎರಡು ಕಿಟಕಿಗಳ ನಡುವೆ ನನ್ನ ಕುರ್ಚಿ, ತಿರುಗುವ ಕುರ್ಚಿ. ಎರಡು ಕಡೆಯ ಮಾತೂ ನನ್ನ ಬೆರಳುಗಳಿಂದ ಒಂದೇ ಅರ್ಜಿಯೊಳಗೆ ಸೇರುತ್ತದೆ. ಆದರೆ ಒಂದು ಕಿಟಕಿಯಲ್ಲಿ ಕೇಳಿದ್ದನ್ನು ಇನ್ನೊಂದಕ್ಕೆ ನಾನು ಬಾಯಲ್ಲಾಗಲಿ ಕಣ್ಣಲ್ಲಾಗಲಿ ದಾಟಿಸುವಂತಿಲ್ಲ. ಕೆಲಸಕ್ಕೆ ಸೇರಿದ ದಿನ ನನ್ನ ಮೇಲಧಿಕಾರಿ ಮರಿಸ್ವಾಮಿಯವರು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ, ಒಂದು ಸುತ್ತು ತಿರುಗಿಸಿ, ತಿರುಗುವಾಗ ಮರೆತುಬಿಡಬೇಕು ಕಣಮ್ಮ ಎಂದಿದ್ದರು. ನಾನು ಇಂದಿಗೂ ಮರೆಯಲು ಕಲಿತಿಲ್ಲ. ಸುಮ್ಮನಿರಲು ಕಲಿತಿದ್ದೇನೆ.

ಸಣ್ಣತಾಯಮ್ಮ ಮೂಡಲ ಕಿಟಕಿಗೆ ಬಂದದ್ದು ಮುಂಗಾರಿಗೆ ಮುಂಚೆ. ಕಡವಿನ ಹರಿಗೋಲುಗಳೆಲ್ಲ ಅವಳವು. ಆಚೆ ದಡದ ಹಾಲು, ಔಷಧಿ, ಅಂಚೆ, ನಾನು, ಎಲ್ಲರೂ ಅವಳ ಹರಿಗೋಲಿನಲ್ಲೇ ಓಡಾಡುವವರು. ಬಿದಿರಿನ ಬುಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಅದರ ಮೇಲೆ ರಾಳದ ಎಣ್ಣೆ ಬಳಿದಿರುತ್ತಾರೆ. ಪ್ರತಿ ಬೇಸಿಗೆಯ ಕೊನೆಯಲ್ಲಿ ಹೊಸದಾಗಿ ಬಳಿಯಬೇಕು. ಆ ವರ್ಷ ಎಣ್ಣೆಯ ಮಡಕೆಯನ್ನು ಬೋರಲು ಹಾಕಿದರೆ ಎಣ್ಣೆ ಇಳಿಯಲಿಲ್ಲ. ಹಳೆಯ ರಾಳದ ಮರಗಳು ಗಾಳಿಗೆ ಬಿದ್ದು, ಬೇರೆ ಮರದ ರಾಳದಿಂದ ಕಾಯಿಸಿದ ಎಣ್ಣೆ ಅದು. ಊರಿಗೆ ಅದು ಹೊಸ ವಸ್ತು. ಸಣ್ಣತಾಯಮ್ಮ ಮಡಕೆಯನ್ನು ತಲೆಯ ಮೇಲೆ ಹೊತ್ತು, ಗಾಜಿನ ಸೀಸೆಯಲ್ಲಿ ಗಡಿಯಾಚೆಯೇ ತುಂಬಿಸಿಟ್ಟಿದ್ದ ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಮಳೆ ಹಿಡಿದ ಮೇಲೆ ಹೊಸ ಎಣ್ಣೆ ಬಳಿಯದೆ ಒಂದು ಹರಿಗೋಲನ್ನೂ ನೀರಿಗಿಳಿಸುವುದಿಲ್ಲ ಎಂದಳು. ಹಳೆಯ ಬಳಿತ ಈ ವರ್ಷಕ್ಕೂ ತಡೆಯಬಹುದಲ್ಲ ಎಂದು ಸಾಲಿನಲ್ಲಿ ಹಿಂದೆ ನಿಂತಿದ್ದವರು ಯಾರೋ ಅಂದರು. ಅವಳು ತಿರುಗಿಯೂ ನೋಡಲಿಲ್ಲ.

ಅವಳು ಯಾಕೆ ಹಾಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಎಣ್ಣೆ ಕಾಯಿಸುವವನು ಅವಳ ಒಡಹುಟ್ಟಿದ ಅಣ್ಣ ಜವರಯ್ಯ. ಗಡಿಕಲ್ಲಿನಾಚೆ, ಗುಡ್ಡದ ಬುಡದಲ್ಲಿ ಅವನ ಮನೆ, ಅಲ್ಲೇ ಅವನ ಒಲೆ. ಏಳೆಂಟು ವರ್ಷದ ಹಿಂದೆ ಅವರ ತಾಯಿಗೆ ಎದೆನೋವು ಬಂದಾಗ ಹೊಳೆ ತುಂಬಿತ್ತು. ಆಚೆ ದಡದಲ್ಲಿದ್ದ ಮುದುಕಿಯನ್ನು ಆಸ್ಪತ್ರೆಗೆ ತರಲು ಸಣ್ಣತಾಯಮ್ಮನೇ ಹುಟ್ಟು ಹಾಕಿದಳು. ನಡು ಹೊಳೆಯಲ್ಲಿ ಹರಿಗೋಲು ನೀರು ಕುಡಿಯಿತು. ವಾಪಸು ಹೋಗಿ ಬೇರೆ ಹರಿಗೋಲು ತರುವಷ್ಟರಲ್ಲಿ ಮುದುಕಿ ಇರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ಜನರ ಮುಂದೆ, ಎಣ್ಣೆ ತೆಳ್ಳಗಿತ್ತು ಎಂದು ಅವಳಂದಳು. ಬಳಿದ ಕೈ ಸರಿಯಿರಲಿಲ್ಲ ಎಂದು ಅವನಂದ. ಅಲ್ಲಿಂದ ಮಾತಿಲ್ಲ. ಅವನು ಎಣ್ಣೆಯ ಮಡಕೆಯನ್ನು ಗಡಿಕಲ್ಲಿನ ಬುಡದಲ್ಲಿಟ್ಟು ಹೋಗುತ್ತಾನೆ. ಅವಳು ಖಾಲಿ ಮಡಕೆಯನ್ನು ಅಲ್ಲಿಟ್ಟು ತುಂಬಿದ್ದನ್ನು ತರುತ್ತಾಳೆ.

ನಾನು ಮೂಡಲ ಕಿಟಕಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಯಾವುದಕ್ಕೆ ಬಳಸುತ್ತೀರಿ, ಹೇಗೆ ಬಳಿಯುತ್ತೀರಿ, ಎಷ್ಟು ಹೊತ್ತು ಒಣಗಿಸುತ್ತೀರಿ. ಎಲ್ಲಕ್ಕೂ ಸರಾಗವಾಗಿ ಹೇಳಿದಳು. ಬಳಿಯುವ ಮುಂಚೆ ಅದಕ್ಕೆ ಬೇರೇನನ್ನಾದರೂ ಸೇರಿಸುತ್ತೀರಾ ಎಂಬುದಕ್ಕೆ ಮಾತ್ರ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ಏನೂ ಇಲ್ಲ. ಬಂದಂಗೆ ಬಳಿತೀನಿ."

ಎರಡು ದಿನ ಬಿಟ್ಟು ಜವರಯ್ಯ ಪಡುವಲ ಕಿಟಕಿಗೆ ಬಂದ. ತೆಳುವಾದ, ಎತ್ತರದ ಮನುಷ್ಯ. ಕಿಟಕಿ ತಗ್ಗಾಗಿರುವುದರಿಂದ ಬಗ್ಗಿ ನಿಂತು, ನನ್ನ ಮುಖ ನೋಡದೆ, ಕೀಲಿಮಣೆಯನ್ನೇ ನೋಡುತ್ತ ಹೇಳಿದ. ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತಿರುವುದು ಅಣ್ಣ ತಂಗಿ ಇಬ್ಬರೂ ಆಮೇಲೆ ಒಪ್ಪಿಗೆ ಕೊಟ್ಟಿರುವುದರಿಂದ. ಮರದ ಹೆಸರನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದಿದ್ದಾನೆ, ಆದ್ದರಿಂದ ಮರದ ಹೆಸರು ಬರೆಯುವುದಿಲ್ಲ. ರಾಳ ಇಂಥದ್ದು, ಹೊಂಗೆ ಎಣ್ಣೆ ಇಷ್ಟು, ಬೆಂಕಿ ಹೀಗೆ. ರಾಳದೊಳಗೆ ಸಿಕ್ಕಿಕೊಂಡ ತೊಗಟೆಯ ಪುಡಿ, ಇರುವೆ, ಎಲ್ಲವನ್ನೂ ನಾಚಿಕೆಯಿಲ್ಲದೆ ಹೇಳಿದ. ಕಲ್ಮಶದ ಕಲಮಿಗೆ ಇಷ್ಟು ನೆಮ್ಮದಿಯಿಂದ ಉತ್ತರ ಕೊಟ್ಟವರು ಕಡಿಮೆ. ಎಷ್ಟು ಹೊತ್ತು ಕಾಯಿಸುತ್ತೀರಿ ಎಂದು ಕೇಳಿದೆ.

"ಹದ ಬರೋಗಂಟ. ಎಲೆ ಮ್ಯಾಲೆ ಒಂದ್ ತೊಟ್ಟು ಬುಟ್ರೆ ಹರೀಬಾರ್ದು, ಗುಂಡಗೆ ನಿಲ್ಬೇಕು. ಅಷ್ಟೊತ್ತಿಗೆ ಇಳಿಸ್ತೀನಿ."

ಹಾಗೆಯೇ ತುಂಬಿದೆ. ನಡುಮನೆಯ ಮೇಜಿನ ಮೇಲೆ, ಎರಡು ಕಿಟಕಿಗೂ ಕಾಣುವ ಜಾಗದಲ್ಲಿ, ಸೀಸೆಯನ್ನು ಮುಚ್ಚಳ ತೆಗೆದು ಬೋರಲು ನಿಲ್ಲಿಸಿದೆವು. ಕೆಳಗೆ ಬಿಳಿಯ ಪಿಂಗಾಣಿ ತಟ್ಟೆ. ಸಂಜೆಯವರೆಗೆ ಕಾದೆವು. ತಟ್ಟೆ ತೊಳೆದಿಟ್ಟ ಹಾಗೇ ಇತ್ತು.

ನಾನು ಅರ್ಜಿಯನ್ನು ಮೊದಲಿನಿಂದ ಮತ್ತೆ ಓದಿದೆ. ಬೇರೆ ಹೆಸರುಗಳು, ಬಣ್ಣ, ವಾಸನೆ, ಅಳತೆಗಳ ಏರಿಳಿತ, ಎಲ್ಲವೂ ಸರಿಯಾಗಿದ್ದವು. ಹೊರಗೆ ಮೋಡ ಕಟ್ಟುತ್ತಿತ್ತು. ಕಡವಿನಲ್ಲಿ ಹರಿಗೋಲುಗಳೆಲ್ಲ ಬೋರಲು ಬಿದ್ದಿದ್ದವು, ಒಂದನ್ನು ಬಿಟ್ಟು. ಹೋದ ವರ್ಷದ ಬಳಿತದ ಆ ಒಂದೇ ಹರಿಗೋಲಿನಲ್ಲಿ, ಹೊಳೆ ಎದೆಮಟ್ಟ ಇರುವವರೆಗೆ ಮಾತ್ರ ಎಂದು, ಸಣ್ಣತಾಯಮ್ಮ ನಮ್ಮನ್ನು ದಾಟಿಸುತ್ತಿದ್ದಳು. ಗುಡ್ಡದ ಮೇಲೆ ಮಳೆ ಬಿದ್ದ ದಿನ ಅದೂ ನಿಲ್ಲುತ್ತಿತ್ತು. ಆಚೆ ದಡದಲ್ಲಿ ದಿನ ತುಂಬಿದ ಹೆಂಗಸರಿದ್ದರು, ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿಸಿಕೊಳ್ಳುವವರಿದ್ದರು. ಸಣ್ಣತಾಯಮ್ಮ ಹುಟ್ಟು ಹಾಕುತ್ತ ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ. ನಾನು ಹತ್ತುವಾಗ ಮಾತ್ರ ಆ ಹಳೆಯ ಹರಿಗೋಲಿನ ತಳವನ್ನು ಒಂದು ಸಲ ಅಂಗೈಯಿಂದ ಸವರಿ ನೋಡುತ್ತಿದ್ದಳು.

ಮಾರನೆಯ ದಿನ ಮಾದರಿಗಳ ಕಪಾಟಿನಲ್ಲಿ ಹುಡುಕಿದೆ. ಅಣ್ಣ ತಂಗಿಯರ ತಂದೆ ತನ್ನ ಕಾಲದಲ್ಲಿ ಗುರುತು ಬರೆಸಿದ ಹಳೆಯ ಎಣ್ಣೆಯ ಸೀಸೆ, ಅರಗು ಹಾಕಿ ಮುಚ್ಚಿದ್ದು, ಅಲ್ಲಿತ್ತು. ಹೊಸ ಸೀಸೆಗೂ ಮುಚ್ಚಳ ಹಾಕಿ, ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿದೆ. ಒಳಗಿನ ಗಾಳಿಯ ಗುಳ್ಳೆ ಎಣ್ಣೆಯನ್ನು ಸೀಳಿಕೊಂಡು ಮೇಲೇರಬೇಕು. ಎಣ್ಣೆ ಗಟ್ಟಿಯಾದಷ್ಟೂ ಅದು ನಿಧಾನ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಾರ್ನಿಷುಗಳನ್ನು ಹೀಗೆ ಅಳೆಯುವುದನ್ನು ಕಲಿಸಿಕೊಟ್ಟ ಮೇಷ್ಟ್ರನ್ನು ನೆನೆಸಿಕೊಂಡೆ. ಅವರ ಪಾಠದಲ್ಲಿ ನಿದ್ದೆ ಬರುತ್ತಿತ್ತು, ಆದರೂ ಅವರು ಕಲಿಸಿದ್ದು ಕೈ ಬಿಟ್ಟಿಲ್ಲ. ಹಳೆಯ ಎಣ್ಣೆಯ ಗುಳ್ಳೆ ಮೆಟ್ಟಿಲು ಹತ್ತುವ ಮುದುಕರ ಹಾಗೆ ನಿಂತು ನಿಂತು ಏರಿತು. ಹೊಸದರಲ್ಲಿ ನಾನು ನೋಡುವಷ್ಟರಲ್ಲಿ ಮೇಲೆ ಹೋಗಿಯಾಗಿತ್ತು.

ಜವರಯ್ಯನನ್ನು ಮತ್ತೆ ಕರೆಸಿ ಅವನ ಎದುರಿಗೇ ಎರಡು ಸೀಸೆಗಳನ್ನೂ ತಿರುಗಿಸಿದೆ. ಮರ ಬೇರೆ ಅಲ್ಲವೇ, ಅದಕ್ಕೇ ಹೀಗೆ ಎಂದ. ಮರ ಬೇರೆಯಾದರೂ, ಗುಳ್ಳೆ ಹೀಗೆ ಓಡುವ ಎಣ್ಣೆ ಎಲೆಯ ಮೇಲೆ ಗುಂಡಗೆ ನಿಲ್ಲುವುದಿಲ್ಲ. ನೀವು ನಿಲ್ಲುತ್ತದೆ ಎಂದು ಬರೆಸಿದ್ದೀರಿ ಎಂದೆ. ಅವನು ಕಿಟಕಿಯ ಚೌಕಟ್ಟನ್ನು ಎರಡು ಕೈಯಿಂದಲೂ ಹಿಡಿದುಕೊಂಡ. ಈ ಕಿಟಕಿಯ ಮಾತು ಆ ಕಿಟಕಿಗೆ ಹೋಗುವುದಿಲ್ಲವಷ್ಟೇ ಎಂದು ಕೇಳಿದ. ಹೋಗುವುದಿಲ್ಲ ಎಂದೆ.

ಆಗ ಹೇಳಿದ. ತಾಯಿ ಹೋದ ಮೇಲಿನ ಮೊದಲ ವರ್ಷ ತಂಗಿ ಗಡಿಕಲ್ಲಿನ ಬುಡದಲ್ಲಿಟ್ಟ ಖಾಲಿ ಮಡಕೆಯನ್ನು ತೊಳೆಯಲು ಕೂತಾಗ ತಳದಲ್ಲಿ ಬೆಳ್ಳಗೆ ಏನೋ ಅಂಟಿತ್ತು. ನೆಕ್ಕಿ ನೋಡಿದ. ಸುಣ್ಣ, ಕಪ್ಪೆಚಿಪ್ಪು ಸುಟ್ಟ ಸುಣ್ಣ. ತನ್ನ ಎಣ್ಣೆ ತೆಳ್ಳಗಾಯಿತೆಂದು, ಗಟ್ಟಿಯಾಗಲೆಂದು ಅವಳು ಅದನ್ನು ಬೆರೆಸುತ್ತಿದ್ದಾಳೆ. ಸಿಟ್ಟು ನೆತ್ತಿಗೇರಿತು. ಮರುವರ್ಷ ಹಟಕ್ಕೆ ಬಿದ್ದು, ಇನ್ನು ಇವಳು ಏನು ಬೆರೆಸುತ್ತಾಳೋ ನೋಡೋಣ ಎಂದು, ಹದ ಮೀರಿ ಗಟ್ಟಿ ಕಾಯಿಸಿದ. ಅವಳು ಅದಕ್ಕೂ ಸುಣ್ಣ ಹಾಕಿದಳು. ಬೇಸಿಗೆಯಲ್ಲಿ ಗುಡ್ಡದ ಮೇಲೆ ನಿಂತು ನೋಡಿದರೆ ಬೋರಲು ಹಾಕಿದ ಹರಿಗೋಲುಗಳ ಬಳಿತ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಆ ವರ್ಷದ ಮಳೆಗಾಲವೆಲ್ಲ ತಾನು ಮಲಗಲಿಲ್ಲ ಎಂದ.

"ಅವ್ಳು ಸುಣ್ಣ ಬುಡಾಕಿಲ್ಲ, ನಂಗೊತ್ತು. ಅದ್ಕೆ ನಾನೇ ಹದಕ್ಕಿಂತ ಮುಂಚೆ ಇಳಿಸಕ್ ಸುರು ಮಾಡ್ದೆ. ಅವಳ್ ಸುಣ್ಣ ಬಿದ್ಮ್ಯಾಲೆ ಸರಿಯಾಗ್ ಹದ ಬರ್ಬೇಕು, ಅಷ್ಟು ತೆಳ್ಳಗೆ."

ಎಣ್ಣೆ ಕಾಯಿಸುವವನು ಹದಕ್ಕೆ ಮುಂಚೆ ಇಳಿಸುತ್ತೇನೆ ಎಂದು ಬಾಯಿ ಬಿಟ್ಟು ಹೇಳುವುದು ಹೇಗೆ ಎಂದೂ ಕೇಳಿದ. ಅವರಪ್ಪ ಬದುಕಿದ್ದರೆ ಈ ಮಾತಿಗೆ ಸೌದೆಯಲ್ಲಿ ಹೊಡೆಯುತ್ತಿದ್ದನಂತೆ. ನಾನು ಕೀಲಿಮಣೆಗೆ ತಿರುಗಿದೆ. ತಯಾರಿಕೆಯ ಕ್ರಮದ ಕಲಮಿನಲ್ಲಿ ಹಿಂದೆ ಬರೆದದ್ದನ್ನು ಅಳಿಸಿ, ಹದಕ್ಕೆ ಮುಂಚೆ ಇಳಿಸುವುದು ಎಂದು ತುಂಬಿದೆ. ಅಕ್ಷರ ತಪ್ಪಬಾರದೆಂದು ಎರಡು ಸಲ ನೋಡಿಕೊಂಡೆ, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಆಮೇಲೆ ಸೀಸೆಯನ್ನು ಬೋರಲು ನಿಲ್ಲಿಸಿದಾಗ ಎಣ್ಣೆ ಮೂತಿಯವರೆಗೆ ಬಂತು. ಒಂದು ತೊಟ್ಟು ದಪ್ಪಗಾಗಿ, ಹೊಳೆಯುತ್ತ, ಮೂತಿಯ ಅಂಚಿನಲ್ಲಿ ಜೋತುಬಿದ್ದಿತು. ಬೀಳಲಿಲ್ಲ. ಫ್ಯಾನ್ ಗಾಳಿಗೂ ಬೀಳಲಿಲ್ಲ.

ಇನ್ನರ್ಧ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದುದೇ ಕಷ್ಟವಾಯಿತು. ಜವರಯ್ಯ ಹೇಳಿದ ಸುಣ್ಣವನ್ನು ನಾನೇ ಮೂಡಲ ಕಿಟಕಿಯ ಕಲಮಿನಲ್ಲಿ ತುಂಬುವಂತಿರಲಿಲ್ಲ. ಬಳಸುವಾಗ ಏನು ಸೇರಿಸುತ್ತಾರೆಂಬುದನ್ನು ಬಳಸುವವರೇ ಹೇಳಬೇಕು. ಸಣ್ಣತಾಯಮ್ಮನನ್ನು ಕರೆದು ನೀವು ಸುಣ್ಣ ಹಾಕುತ್ತೀರಂತೆ ಎಂದು ಕೇಳಿದರೆ ಪಡುವಲ ಕಿಟಕಿಯ ಮಾತನ್ನು ದಾಟಿಸಿದಂತೆ. ಮರಿಸ್ವಾಮಿಯವರ ಮೇಜಿನ ಮುಂದೆ ಹೋಗಿ ನಿಂತೆ. ಗುಟ್ಟು ಹೇಳದೆಯೇ ನನ್ನ ಕಷ್ಟ ಹೇಳಿಕೊಳ್ಳಲು ಸಾಕಷ್ಟು ಹೊತ್ತು ಹಿಡಿಯಿತು. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು. ಪ್ರಶ್ನೆಗಳನ್ನು ಎಷ್ಟು ಸಲ ಬೇಕಾದರೂ ಓದಬಹುದು, ಓದುವುದು ದಾಟಿಸುವುದಲ್ಲ ಎಂದರು. ಕನ್ನಡಕ ಹಾಕಿಕೊಂಡು, ಸೀಸೆ ನಡುಮನೆಯಲ್ಲಿದೆ, ಕಣ್ಣಿದ್ದವರು ನೋಡುತ್ತಾರೆ, ತೊಟ್ಟು ನಾವು ಹೇಳಿದ ಮಾತಲ್ಲ ಎಂದೂ ಸೇರಿಸಿದರು. ಈ ಮನುಷ್ಯ ನನಗೆ ಮೇಲಧಿಕಾರಿಯಾಗಿ ಸಿಕ್ಕಿದ್ದಕ್ಕೆ ನಾನು ಯಾರಿಗೆ ಕೈಮುಗಿಯಬೇಕೋ ತಿಳಿಯದು. ಎಷ್ಟೋ ಕಚೇರಿಗಳಲ್ಲಿ ಅರ್ಜಿ ತಿರಸ್ಕರಿಸಿದೆ ಎಂದು ಒಂದು ಗುಂಡಿ ಒತ್ತಿ ಊಟಕ್ಕೆ ಏಳುತ್ತಾರೆ.

ಸಣ್ಣತಾಯಮ್ಮ ಬಂದಳು. ಗುಡ್ಡದ ಮೇಲೆ ಆಗಲೇ ಮಳೆ ಹಿಡಿದಿತ್ತು. ನಾನು ಬದಿಗೆ ಸರಿದು ಕೂತೆ, ಸೀಸೆ ಅವಳಿಗೆ ಕಾಣುವ ಹಾಗೆ. ಮೊದಲ ಪ್ರಶ್ನೆಯಿಂದ ಹಿಡಿದು ಎಲ್ಲವನ್ನೂ ಮತ್ತೆ ಓದುತ್ತ ಬಂದೆ. ಅವಳು ಉತ್ತರ ಕೊಡುತ್ತ ಸೀಸೆಯ ಮೂತಿಯಲ್ಲಿ ನೇತಾಡುತ್ತಿದ್ದ ತೊಟ್ಟನ್ನು ನೋಡುತ್ತಿದ್ದಳು. ಬಳಿಯುವ ಮುಂಚೆ ಅದಕ್ಕೆ ಬೇರೇನನ್ನಾದರೂ ಸೇರಿಸುತ್ತೀರಾ ಎಂದು ಓದಿದೆ. ಏನೂ ಇಲ್ಲ ಎಂದಳು. ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ. ಅವಳು ತೊಟ್ಟಿನಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು.

"ಯಾಕ್ ಮತ್ ಮತ್ ಕೇಳ್ತೀರಿ ಮೇಡಮ್ನೋರೆ? ಅವ್ನೇನಾರ ಅಂದ್ನಾ?"

ನನಗೆ ಉತ್ತರ ಕೊಡುವ ಹಕ್ಕಿರಲಿಲ್ಲ. ಆ ಪ್ರಶ್ನೆಯನ್ನು ಮೂರನೆಯ ಸಲ ಓದಿದೆ. ಧ್ವನಿ ಏರಿಸದೆ, ಇಳಿಸದೆ, ಮೊದಲ ಸಲ ಓದಿದ ಹಾಗೆಯೇ ಓದಲು ನನ್ನಿಂದಾದಷ್ಟು ಪ್ರಯತ್ನಪಟ್ಟೆ. ಅವಳ ಕೈ ಕಿಟಕಿಯ ಹಲಗೆಯ ಮೇಲಿತ್ತು. ಉಗುರಿನ ಸಂದಿಗಳಲ್ಲಿ ಬೆಳ್ಳಗಿತ್ತು. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

ಆ ಕಿಟಕಿಗೆ ಇಲ್ಲಿಂದ ಏನೂ ಹೋಗುವುದಿಲ್ಲವಷ್ಟೇ ಎಂದು, ಅಣ್ಣ ಕೇಳಿದ ಮಾತನ್ನೇ, ಅವಳೂ ಕೇಳಿದಳು. ಹೋಗುವುದಿಲ್ಲ ಎಂದೆ.

ಅವ್ವನನ್ನು ಮಣ್ಣು ಮಾಡಿ ಬಂದ ಸಂಜೆ ಜನರ ಮುಂದೆ ಒಂದು ಮಾತು ಆಡಿಬಿಟ್ಟೆ ಎಂದಳು. ಅಂಥ ಪ್ರವಾಹದಲ್ಲಿ ಎಂಥ ಎಣ್ಣೆ ಬಳಿದಿದ್ದರೂ ಯಾವ ಹರಿಗೋಲೂ ನೀರು ಕುಡಿಯುತ್ತಿತ್ತು, ಆಮೇಲೆ ತಿಳಿಯಿತು. ಅದು ತಿಳಿದ ದಿನವೇ ಹೊಳೆಯಲ್ಲಿ ನಿಂತು, ಇನ್ನು ಅವನ ಎಣ್ಣೆ ತೆಳ್ಳಗಿದೆ ಎಂದು ಈ ಬಾಯಿಂದ ಯಾರ ಮುಂದೆಯೂ ಹೇಳುವುದಿಲ್ಲ ಅಂದುಕೊಂಡಳಂತೆ. ಆದರೂ ಮನಸ್ಸಿನ ಹೆದರಿಕೆ ಹೋಗಲಿಲ್ಲ. ಮನೆಯ ಹಿತ್ತಿಲಲ್ಲಿ ತನ್ನದೇ ಒಲೆಯಲ್ಲಿ ಚಿಪ್ಪು ಸುಟ್ಟು, ಯಾರಿಗೂ ಕಾಣದ ಹಾಗೆ ಬೆರೆಸುತ್ತ ಬಂದಳು. ವರ್ಷ ಹೋದಂತೆ ಎಣ್ಣೆ ಇನ್ನೂ ತೆಳ್ಳಗಾಗುತ್ತ ಬಂತು. ಅಣ್ಣನಿಗೆ ವಯಸ್ಸಾಯಿತು, ಒಲೆಯ ಮುಂದೆ ಮೊದಲಿನಷ್ಟು ಹೊತ್ತು ಕೂರಲಾರ ಎಂದುಕೊಂಡು ಸುಣ್ಣವನ್ನು ಒಂದು ಹಿಡಿ ಹೆಚ್ಚು ಮಾಡಿದಳು. ಇದನ್ನು ಇಲ್ಲಿ ಬರೆಸಿದರೆ ಮತ್ತೆ ಅದೇ ಮಾತು ಆಡಿದಂತಾಗುತ್ತದೆ. ಅದಕ್ಕೇ ಹೇಳಲಿಲ್ಲ.

"ಬರ್ಕಳಿ ಅಂಗಾದ್ರೆ," ಎಂದಳು, ತೊಟ್ಟಿನ ಕಡೆಗೇ ನೋಡುತ್ತ. "ಎಣ್ಣೆ ತೆಳ್ಳಗದೆ. ಸುಣ್ಣ ಬೆರೆಸ್ತೀನಿ. ಕಪ್ಪೆಚಿಪ್ಪಿನ್ ಸುಣ್ಣ."

ನಾನು ಬರೆದುಕೊಂಡೆ. ಚಿಪ್ಪು ಎಲ್ಲಿಯದು, ಎಷ್ಟು ಸುಡುವುದು, ಒಂದು ಮಡಕೆಗೆ ಎಷ್ಟು ಹಿಡಿ, ಒಂದನ್ನೂ ಬಿಡಲಿಲ್ಲ. ಕೊನೆಯ ಕಲಂ ತುಂಬಿ ಒಪ್ಪಿಸುವ ಗುಂಡಿ ಒತ್ತಿದಾಗ ನಡುಮನೆಯಲ್ಲಿ ಟಪ್ ಎಂದು ಸದ್ದಾಯಿತು. ತಟ್ಟೆಯ ನಡುವೆ ಕಂದು ಬಣ್ಣದ ಒಂದು ತೊಟ್ಟು ಬಿದ್ದು, ತೆಳ್ಳಗೆ ಹರಡಿಕೊಂಡಿತು. ಆಮೇಲೆ ಇನ್ನೊಂದು. ಆಮೇಲೆ ಕಡಿಯದ ಎಳೆಯಾಗಿ ಸೀಸೆಯೆಲ್ಲ ಇಳಿಯಿತು. ಬಾಗಿಲ ಬಳಿ ಇಟ್ಟಿದ್ದ ಮಡಕೆಯನ್ನು ಸಣ್ಣತಾಯಮ್ಮ ಓಡಿಹೋಗಿ ಬಗ್ಗಿಸಿ ನೋಡಿದಳು. ನಮ್ಮ ಕಚೇರಿಯ ಹೊಸಿಲಿನ ಮೇಲೆ ಆಗ ಚೆಲ್ಲಿದ ಎಣ್ಣೆಯ ಕಲೆ ಇನ್ನೂ ಇದೆ. ಮರಿಸ್ವಾಮಿಯವರು ಒರೆಸಲು ಬಿಟ್ಟಿಲ್ಲ.

ಎಣ್ಣೆ ಇಳಿಯಿತು, ಹರಿಗೋಲುಗಳನ್ನು ಬಳಿಯಬಹುದು. ನನ್ನ ಕೆಲಸ ಮಾತ್ರ ಮುಗಿದಿರಲಿಲ್ಲ. ಗುರುತು ಸಿಕ್ಕ ಹೊಸ ವಸ್ತುವಿನ ಹೆಸರನ್ನು ಕಚೇರಿಯ ಹೊರಗಿನ ಫಲಕದಲ್ಲಿ ಬರೆಯಬೇಕು. ಗುಟ್ಟಿನ ವಸ್ತುವಾದರೆ ಅದಕ್ಕೊಂದು ಸಾರ್ವಜನಿಕ ಹೆಸರು ಕೊಡಬೇಕು. ಆ ಹೆಸರು ಗುಟ್ಟನ್ನು ಬಿಡಬಾರದು, ಸುಳ್ಳೂ ಆಗಿರಬಾರದು. ಕಚೇರಿಯ ಕೆಲಸದಲ್ಲಿ ನನ್ನ ಸ್ವಂತದ್ದೆಂದು ಹೇಳಿಕೊಳ್ಳಬಹುದಾದದ್ದು ಇದೊಂದೇ. ಹರಿಗೋಲಿನ ಎಣ್ಣೆ ಎಂದು ಬರೆದರೆ ಸಾಕಿತ್ತು. ಒಂದು ಮಧ್ಯಾಹ್ನವೆಲ್ಲ ಕೂತು ಹತ್ತಾರು ಹೆಸರು ಬರೆದು ಹೊಡೆದು, ಕೊನೆಗೆ ಒಂದನ್ನು ಮರಿಸ್ವಾಮಿಯವರ ಮುಂದಿಟ್ಟೆ: ಎರಡು ಒಲೆಯ ಎಣ್ಣೆ. ಅವರು ಬಹಳ ಹೊತ್ತು ನೋಡಿದರು. ಮರದ ಹೆಸರು ಇದರಲ್ಲಿಲ್ಲ, ಅಳತೆ ಇಲ್ಲ, ಯಾವ ಒಲೆಯಲ್ಲಿ ಏನು ಎಂಬುದಿಲ್ಲ ಎಂದು ಬೆರಳು ಮಡಿಸುತ್ತ ತಮಗೆ ತಾವೇ ಹೇಳಿಕೊಂಡರು. ಇಬ್ಬರೂ ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ, ಯಾರಾದರೊಬ್ಬರು ಬೇಡವೆಂದರೆ ಕಾಗದ ಹರಿದುಹಾಕಿ ಹರಿಗೋಲಿನ ಎಣ್ಣೆ ಎಂದೇ ಬರೆಯಬೇಕು ಎಂದರು.

ನಮ್ಮ ಕಚೇರಿಯಲ್ಲಿ ಎರಡೂ ಕಿಟಕಿಗೆ ಹೋಗುವ ಕಾಗದ ಒಂದೇ ಒಂದು, ಹೆಸರಿನ ಒಪ್ಪಿಗೆಯದು. ಮೊದಲು ಮಾಡುವವರ ಸಹಿ, ಅದರ ಕೆಳಗೆ ಬಳಸುವವರದು. ಪಡುವಲ ಕಿಟಕಿಯಲ್ಲಿ ಜವರಯ್ಯ ಅ ಆ ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿದ ಮೇಲೆ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಎರಡು ಅನ್ನುವುದು ಸರಿಯಾಗಿದೆ ಎಂದಷ್ಟೇ ಹೇಳಿ ಸಹಿ ಹಾಕಿದ.

ನಾನು ಕುರ್ಚಿ ತಿರುಗಿಸಿದೆ. ಮೂಡಲ ಕಿಟಕಿಯಲ್ಲಿ ಸಣ್ಣತಾಯಮ್ಮ ಹೆಸರು ಓದಿ ಬೆಚ್ಚಿದಳು. ಇದನ್ನು ಬರೆದರೆ ತಾನು ಬೆರೆಸುವುದು ಅವನಿಗೆ ತಿಳಿಯುವುದಿಲ್ಲವೇ, ಮಾತು ಕೊಟ್ಟಿದ್ದಿರಲ್ಲ ಎಂದಳು. ಕಾಗದದ ಮೇಲಿದ್ದ ನನ್ನ ಕೈಯನ್ನು ಎತ್ತಿದೆ. ಅದರ ಕೆಳಗಿದ್ದ ಸಹಿಯನ್ನು ಅವಳು ನೋಡಿದಳು. ಇನ್ನೂ ಒಣಗದ ಮಸಿ. ಅವಳ ಬೆರಳು ಎರಡು ಒಲೆ ಎಂಬುದರ ಮೇಲೆ ಹೋಯಿತು, ಅಲ್ಲಿಂದ ಸಹಿಯ ಮೇಲೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಎರಡನೆಯ ಒಲೆ ಯಾವುದೆಂದು ಕೇಳದೆ ಸಹಿ ಹಾಕಿದವನಿಗೆ ಅದು ಯಾವುದೆಂದು ಗೊತ್ತಿರಲೇಬೇಕು.

"ಗೊತ್ತಿತ್ತಾ ಅವನ್ಗೆ?" ಎಂದಳು. ನನ್ನನ್ನು ಕೇಳಿದ್ದಲ್ಲ. ಪೆನ್ನು ಎತ್ತಿಕೊಳ್ಳುತ್ತ, "ಅದ್ಕಾ ತೆಳ್ಳಗ್ ಮಾಡ್ತಿದ್ದದ್ದು," ಎಂದಳು.

ಸಹಿ ಹಾಕುವಾಗ ಕಾಗದದ ಅಂಚಿಗೆ ಅವಳ ಉಗುರಿನ ಸುಣ್ಣ ಹತ್ತಿತು. ನಾನು ಅದನ್ನು ಹಾಗೆಯೇ ಕಡತಕ್ಕೆ ಸೇರಿಸಿದೆ.

ಹೊಳೆ ತುಂಬುವ ಮೊದಲೇ ಬಳಿದು ಮುಗಿಯಿತು. ಆ ಮಳೆಗಾಲದಲ್ಲಿ ನಾನು ಒಂದು ದಿನವೂ ಕಚೇರಿ ತಪ್ಪಿಸಲಿಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳ ಹೆರಿಗೆಗೆ ಪ್ರವಾಹದ ಹೊತ್ತಿನಲ್ಲಿ ಸೂಲಗಿತ್ತಿಯನ್ನು ಕರೆತಂದದ್ದೂ ಅದೇ ಹರಿಗೋಲುಗಳಲ್ಲಿ. ಫಲಕದಲ್ಲಿ ಹೆಸರು ಓದಿದ ಊರಿನವರು ಎರಡು ಒಲೆ ಎಂದರೆ ಏನಿರಬಹುದೆಂದು ತಮತಮಗೆ ತೋಚಿದ ಅರ್ಥ ಹೇಳಿಕೊಂಡರು. ಕೇಳಿದವರಿಗೆಲ್ಲ ನಾನು ಗೊತ್ತಿಲ್ಲ ಎಂದೆ.

ಮುಂದಿನ ಬೇಸಿಗೆಯ ಕೊನೆಯ ಒಂದು ಬೆಳಗ್ಗೆ, ಮನೆಯಲ್ಲಿ ಮರೆತು ಬಂದ ಕಾಗದ ತರಲು ವಾಪಸು ಹೋಗಬೇಕಾಗಿ ಕಡವಿಗೆ ಹೋದೆ. ಸಣ್ಣತಾಯಮ್ಮ ಹೊರಡುವುದರಲ್ಲಿದ್ದಳು, ನಾನು ಹತ್ತಿ ಕೂತೆ. ಆಗ ಗಡಿಕಲ್ಲಿನ ಕಡೆಯಿಂದ ಜವರಯ್ಯ ಬಂದ, ಹೆಗಲ ಮೇಲೆ ಮಡಕೆ. ಗಡಿಕಲ್ಲಿನ ಬುಡದಲ್ಲಿ ಇಳಿಸದೆ ನೇರ ನೀರಿನವರೆಗೆ ಬಂದು ನಿಂತ. ಇಬ್ಬರೂ ಹೊಳೆಯನ್ನು ನೋಡಿದರು. ಮೊದಲು ಮಾತಾಡಿದವನು ಅವನು.

"ಇದು ತೆಳ್ಳಗೇ ಅದೆ. ಮುಂದಿನ್ ಸಲಿ ಹದಕ್ಕೆ ಇಳಿಸ್ಲಾ?"

"ಬ್ಯಾಡ. ತೆಳ್ಳಗೇ ಇರ್ಲಿ ಬುಡಣ್ಣ." ಸಣ್ಣತಾಯಮ್ಮ ಹುಟ್ಟನ್ನು ಎತ್ತಿಕೊಳ್ಳುತ್ತ ನನ್ನ ಕಡೆ ಕಣ್ಣು ಹಾಯಿಸಿದಳು. "ಈಗ ನೀ ಗಟ್ಟಿ ಮಾಡುದ್ರೆ ಎಣ್ಣೆ ಮತ್ ಮಡಕೇಲೇ ಕುಂತ್ಕತದೆ. ಈ ಮೇಡಮ್ನೋರು ಮತ್ ಮೂರ್ ಮೂರ್ ಸಲಿ ಕೇಳ್ತಾರೆ."

ಜವರಯ್ಯ ಮಡಕೆಯನ್ನು ದಡದಲ್ಲಿಟ್ಟ. ಪಂಚೆ ಎತ್ತಿ ಕಟ್ಟಿ ಹರಿಗೋಲಿಗೆ ಹತ್ತಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ಅವಳು ಹುಟ್ಟು ಹಾಕಿದಳು. ಹರಿಗೋಲು ಒಂದು ಸುತ್ತು ತಿರುಗಿ ದಾರಿ ಹಿಡಿಯಿತು. ನಡು ಹೊಳೆಗೆ ಬಂದಾಗ ಅವನು ಅಂಗೈಯನ್ನು ತಳದ ಮೇಲಿಟ್ಟು ನಿಧಾನವಾಗಿ ಸವರಿದ, ಈ ಬದಿಯಿಂದ ಆ ಬದಿಯವರೆಗೆ, ನನ್ನ ಕಾಲುಗಳ ಸುತ್ತಲೂ. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡ. ಒಣಗಿತ್ತು. ಆದರೂ ಅದನ್ನು ಪಂಚೆಗೆ ಒರೆಸಿಕೊಂಡ.